ನೆಲಕ್ಕೆ ಕಾಲು ತಾಗದಂತೆ

ಘಟ್ಟ ಹತ್ತಿ ಬಂದ ಮೇಲೆ ನಾನು ಮೊದಲು ಕಳೆದುಕೊಂಡದ್ದು ದಿಕ್ಕನ್ನು. ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಜಡಿಮಳೆಗೆ ಇಳಿದೆ. ಒಂದು ತೋಳಿನಲ್ಲಿ ಹಸುಗೂಸು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಸುತ್ತಿದ ಕಂಪ್ಯೂಟರ್. ವಿದ್ಯುತ್ ಇಲಾಖೆಯ ಕ್ವಾರ್ಟರ್ಸಿಗೆ ಬಿಡು ಎಂದರೆ ಆಟೋದವನು ಯಾವ ಬಾಜು ಎಂದು ಕೇಳಿದ. ಬಾಜು ಎಂದರೆ ಬದಿ, ಮರಾಠಿಯಿಂದ ಬಂದು ಇಲ್ಲಿಯೇ ಮನೆ ಮಾಡಿಕೊಂಡ ಮಾತು. ಗಂಡ ಫೋನಿನಲ್ಲಿ ಪಶ್ಚಿಮಕ್ಕೆ ಎಂದಿದ್ದ. ನಮ್ಮಲ್ಲಿ ಪಶ್ಚಿಮಕ್ಕೆ ಬೇರೆ ಹೆಸರು ಎಲ್ಲಿದೆ? ಯೋಚಿಸದೆ "ಕಡಲ ಬದಿಗೆ" ಎಂದುಬಿಟ್ಟೆ. ಆಟೋದವನು ತಿರುಗಿ ನನ್ನನ್ನೂ ಮಗುವನ್ನೂ ನೋಡಿದ.

"ಕಡಲ ಇಲ್ಲೆಲ್ಲೈತ್ರಿ ಅಕ್ಕಾರ? ನೀವು ತಪ್ಪಿ ಇಳದೀರಿ ನೋಡ್ರಿ."

ಅವನು ನಗಲಿಲ್ಲ, ಪಾಪ. ಸುಮ್ಮನೆ ಇದ್ದದ್ದನ್ನು ಹೇಳಿದ. ನನಗೆ ಮಾತ್ರ ಕೂತಲ್ಲೇ ದಿಕ್ಕು ತಪ್ಪಿತು. ಕಡಲ ದಂಡೆಯ ನಮ್ಮ ಊರಿನಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮಗೆ ಇರುವುದು ಎರಡೇ ದಿಕ್ಕು, ಕಡಲ ಬದಿ ಮತ್ತು ಗುಡ್ಡದ ಬದಿ. ಕಣ್ಣು ಕಟ್ಟಿ ಬಿಟ್ಟರೂ ಕಿವಿ ದಾರಿ ತೋರಿಸುತ್ತದೆ. ಹಡಗಿನ ಮೇಲೆ ವಾರಗಟ್ಟಲೆ ನೆಲ ಕಾಣದೆ ಇದ್ದವಳು ನಾನು, ಅಲ್ಲಿ ಒಮ್ಮೆಯೂ ದಿಕ್ಕು ತಪ್ಪಿರಲಿಲ್ಲ. ಖಾನಾಪುರದಲ್ಲಿ ಹಾಲು ತರಲು ಹೋದವಳು ದಾರಿ ತಪ್ಪಿ, ಯಾರದೋ ಹಿತ್ತಲಿನ ಎಮ್ಮೆಯ ಮುಂದೆ ನಿಂತಿದ್ದೆ. ಬೆಳಿಗ್ಗೆ ಎಚ್ಚರವಾದ ಕೂಡಲೇ ಕಿವಿ ಕಡಲನ್ನು ಹುಡುಕುತ್ತಿತ್ತು.

ನನ್ನ ಕೆಲಸ ಏನೆಂದು ಊರಿನಲ್ಲೇ ಅರ್ಧ ಜನಕ್ಕೆ ತಿಳಿಯದು. "ನಿಮ್ಮ ಮಗಳು ಮೀನಿನ ಡಾಕ್ಟರಾ?" ಎಂದು ಆಯಿಯನ್ನು ಕೇಳುವವರಿದ್ದಾರೆ. ಅಲ್ಲ. ನಾನು ಕಾಯುವ ಡಾಲ್ಫಿನ್, ತಿಮಿಂಗಿಲಗಳು ಮೀನುಗಳೂ ಅಲ್ಲ. ನಮ್ಮ ಹಾಗೆ ಉಸಿರಾಡಿ, ಮರಿಗೆ ಹಾಲೂಡಿಸುವ ಪ್ರಾಣಿಗಳು. ಸಮುದ್ರದ ನಡುವೆ ಗಾಳಿಯಂತ್ರಗಳನ್ನು ನಿಲ್ಲಿಸಲು ಈಗ ದೊಡ್ಡ ದೊಡ್ಡ ಕಂಬಗಳನ್ನು ತಳಕ್ಕೆ ಹೊಡೆಯುತ್ತಾರೆ. ಆ ಸದ್ದು ನೀರಿನಲ್ಲಿ ಬಹಳ ದೂರ ಹೋಗುತ್ತದೆ. ಕಣ್ಣಿಗಿಂತ ಕಿವಿಯನ್ನೇ ನಂಬಿ ಬದುಕುವ ಆ ಜೀವಗಳು ಹತ್ತಿರದಲ್ಲಿದ್ದರೆ ಕಿವಿಯೇ ಹೋಗಬಹುದು. ಕಿವಿ ಹೋದರೆ ಊಟ ಹೋಯಿತು, ದಾರಿ ಹೋಯಿತು, ಮರಿಗೆ ತಾಯಿ ತಪ್ಪಿತು. ಆದ್ದರಿಂದ ಹೊಡೆಯುವ ಮೊದಲು ನಮ್ಮಂಥವರು ಕಾವಲು ಕೂರುತ್ತೇವೆ. ಕೆಲವರು ಹಡಗಿನ ಮೇಲಿಂದ ದುರ್ಬೀನು ಹಿಡಿದು ನೋಡುತ್ತಾರೆ, ಕೆಲವರು ನೀರಿಗೆ ಮೈಕು ಬಿಟ್ಟು ಕೇಳುತ್ತಾರೆ. ನಾನು ಕೇಳುವವಳು. ಮೊದಲು ಹಡಗಿನಲ್ಲೇ ಇರುತ್ತಿದ್ದೆ. ಬಾಣಂತನದ ನಂತರ ಹಡಗು ಬಿಟ್ಟೆ. ಈಗ ಮೈಕಿನ ಸದ್ದು ಉಪಗ್ರಹದ ಮೂಲಕ ಮನೆಗೇ ಬರುತ್ತದೆ. ಎಲ್ಲೋ ದೂರದ ತಣ್ಣನೆಯ ಸಮುದ್ರದ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿ, ಪರದೆಯ ಮೇಲಿನ ಗೆರೆಗಳನ್ನು ನೋಡಿ, ಶುರು ಮಾಡಿ ಅಥವಾ ನಿಲ್ಲಿ ಎಂದು ತಿಳಿಸಬೇಕು.

ಊರಿನ ಕಾಲೇಜು ಹುಡುಗಿಯರು ಕೆಲವರು, ಅಕ್ಕಾ ಈ ಕೆಲಸಕ್ಕೆ ಬರುವುದು ಹೇಗೆ ಎಂದು ಬರೆದು ಕೇಳುತ್ತಾರೆ. ಬನ್ನಿ, ಆದರೆ ಹೆದರಿಕೆಯನ್ನು ಜೊತೆಗೆ ಇಟ್ಟುಕೊಳ್ಳಲು ಕಲಿತು ಬನ್ನಿ. ಸಾಗರ ವಿಜ್ಞಾನದಲ್ಲಿ ಡಿಗ್ರಿ ಬೇಕು, ಕಾವಲುಗಾರರ ತರಬೇತಿ ಬೇಕು, ಹಡಗಿಗೆ ಕರೆದೊಯ್ಯುವ ಹೆಲಿಕಾಪ್ಟರ್ ಮುಳುಗಿದರೆ ಅದರಿಂದ ಹೊರಬರುವುದನ್ನು ಕೊಳದಲ್ಲಿ ಕಲಿಸುತ್ತಾರೆ, ಅದನ್ನೂ ಪಾಸಾಗಬೇಕು. ಅಷ್ಟಾದ ಮೇಲೂ ಕಾಯಂ ನೌಕರಿ ಎಂಬುದು ಅಪರೂಪ. ಒಂದು ಸಮುದ್ರದ ಕೆಲಸ ಮುಗಿಯುತ್ತ ಬಂದಂತೆ ಇನ್ನೊಂದು ಸಿಗುತ್ತದೋ ಇಲ್ಲವೋ ಎಂದು ದಿಗಿಲು. ಸಿಕ್ಕ ಮೇಲೆ ತಪ್ಪಿ ಶುರು ಮಾಡಿ ಎಂದುಬಿಟ್ಟರೆ ಎಂಬ ದಿಗಿಲು. ಸುಮ್ಮಸುಮ್ಮನೆ ನಿಲ್ಲಿಸಿದರೆ ಅಷ್ಟು ದೊಡ್ಡ ಹಡಗು ಕೈಕಟ್ಟಿ ನಿಲ್ಲುತ್ತದೆ, ಅದರದ್ದು ಬೇರೆ ಬೈಗುಳ.

ಈ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಪಾಠ ಒಂದಿದೆ. ಡಾಲ್ಫಿನ್ ಇಲ್ಲ ಎಂದು ನಾವು ಎಂದೂ ಬರೆಯುವುದಿಲ್ಲ. ಕೇಳಿಸಲಿಲ್ಲ ಎಂದಷ್ಟೇ ಬರೆಯುತ್ತೇವೆ. ಅದು ಅಲ್ಲೇ ಸುಮ್ಮನೆ ಇರಬಹುದು, ಮೈಕಿಗೆ ಬೆನ್ನು ಮಾಡಿರಬಹುದು. ಹಾಗೆಯೇ ಕೇಳಿಸಿತು ಎಂದು ಬರೆಯುವ ಮೊದಲು ಕೇಳಿಸಿದ್ದು ಅದೇನಾ, ಬೇರೆ ಏನಾದರೂ ಹಾಗೆ ತೋರಿತೋ ಎಂದು ಪ್ರತಿ ಸಲ ಕೇಳಿಕೊಳ್ಳಬೇಕು. ಇಷ್ಟು ವರ್ಷ ಈ ಪಾಠವನ್ನು ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ.

ನನ್ನ ಗಂಡ ವಿನಾಯಕ ನಮ್ಮ ಅಂಕೋಲೆಯ ಕಡೆಯವನೇ. ಖಾನಾಪುರಕ್ಕೆ ವರ್ಗವಾದಾಗ ನಾವೂ ಬಂದೆವು. ಅವನು ಕರೆಂಟಿನ ಇಲಾಖೆಯವನಾದ್ದರಿಂದ ನಮ್ಮ ಮನೆಯ ಕರೆಂಟಾದರೂ ಗಟ್ಟಿ ಇರಬಹುದು ಎಂದುಕೊಂಡದ್ದು ನನ್ನ ದಡ್ಡತನ. ಮಳೆಗಾಲದಲ್ಲಿ ಜಾಂಬೋಟಿಯ ಕಾಡಿನಲ್ಲಿ ಒಂದು ಮರ ಬಿದ್ದರೆ ತಂತಿ ಹರಿಯಿತು, ಅವನು ರೇನ್‌ಕೋಟು ಹಾಕಿಕೊಂಡು ಹೊರಟ. ನೆಟ್‌ವರ್ಕ್ ಸಹ ಅವನ ಹಿಂದೆಯೇ ಹೋಯಿತು. ಒಮ್ಮೆ ಅವನ ಜೊತೆ ನಾನೂ ಜಾಂಬೋಟಿಗೆ ಹೋಗಿದ್ದೆ. ಮೊಣಕಾಲುದ್ದ ನೀರಿನಲ್ಲಿ ಭತ್ತ ನಾಟಿ ಮಾಡುತ್ತಿದ್ದ ಹೆಂಗಸೊಬ್ಬಳು ನನ್ನ ಊರು ಕೇಳಿ, ಅಷ್ಟು ನೀರಿನ ಬಾಜು ಮಲಗಲು ಹೆದರಿಕೆಯಾಗುವುದಿಲ್ಲವೇ ಎಂದಳು. ಅವಳ ಗದ್ದೆಯ ಬೆನ್ನಿಗೆ ಕಪ್ಪಗೆ ಕಾಡು ನಿಂತಿತ್ತು. ಹಿಂದಿನ ದಿನ ಅಲ್ಲಿಂದ ಕಾಡುಕೋಣ ಇಳಿದು ಬಂದಿತ್ತಂತೆ. ಆ ಕಡೆ ನೋಡಲೂ ನನಗೆ ಧೈರ್ಯವಿರಲಿಲ್ಲ. ಅವಳು ನನ್ನ ಮೇಲೆ ಮರುಕಪಟ್ಟಳು, ನಾನು ಅವಳ ಮೇಲೆ.

ಕರೆಂಟಿಗಾಗಿ, ಇಂಟರ್‌ನೆಟ್ಟಿಗಾಗಿ ಬೆಳಗಾವಿಗೆ ಬಂದೆವು. ವಿನಾಯಕ ದಿನಾ ಖಾನಾಪುರಕ್ಕೆ ಹೋಗಿಬರುವುದೆಂದು ತೀರ್ಮಾನವಾಯಿತು. ಮನೆ ಹುಡುಕುವುದರಲ್ಲಿ ಮಾತ್ರ ಸಾಕುಬೇಕಾಯಿತು. ಹಿಂದವಾಡಿಯಲ್ಲಿ ಗಾಳಿ ಬೆಳಕಿನ ಚಂದದ ಮನೆಗಳಿದ್ದವು. ಮಾತೂ ಚೆನ್ನಾಗಿಯೇ ಆಡುತ್ತಿದ್ದರು, ಬರ್ರಿ, ಕುಂದರ್ರಿ, ಚಾ ಕುಡೀರಿ. ಚಾ ಮುಗಿಯುವ ಹೊತ್ತಿಗೆ ಮೀನು ತಿಂತೀರೇನು ಎಂಬ ಪ್ರಶ್ನೆ ಬರುತ್ತಿತ್ತು. ಹೌದು ಎಂದ ಮೇಲೆ ಮನೆ ಬೇರೆಯವರಿಗೆ ಆಗಲೇ ಹೇಳಿಯಾಗಿರುತ್ತಿತ್ತು. ಒಬ್ಬರಂತೂ ನನ್ನ ಕೆಲಸ ಕೇಳಿ, ಮನೆಯಲ್ಲಿ ಕೂತು ತಿಮಿಂಗಿಲದ ಸದ್ದು ಕೇಳುವವಳು ಬಾಡಿಗೆ ಎಲ್ಲಿಂದ ಕಟ್ಟುತ್ತಾಳೆ ಎಂಬ ಮುಖ ಮಾಡಿದರು.

ಕೊನೆಗೆ ಸಿಕ್ಕದ್ದು ಖಾಸಬಾಗದ ಹಳೆಯ ಮನೆಯ ಹಿಂದಿನ ಅರ್ಧ. ಮುಂದಿನ ಅರ್ಧದಲ್ಲಿ ಮನೆಯೊಡತಿ ಸುಶೀಲಾಕಾಕು. ಕಾಕು ಎಂದರೆ ಚಿಕ್ಕಮ್ಮ. ಇಲ್ಲಿ ಆ ವಯಸ್ಸಿನ ಹೆಂಗಸರೆಲ್ಲರೂ ಕಾಕುಗಳೇ. ಒಬ್ಬಳೇ ಮಗಳು ಮದುವೆಯಾಗಿ ನಾಲ್ಕು ಓಣಿ ಆಚೆ ಇದ್ದಾಳೆ, ಎರಡು ದಿನಕ್ಕೊಮ್ಮೆ ಬಂದು ತಾಯಿಯ ಜೊತೆ ಜಗಳವಾಡಿ ಹೋಗುತ್ತಾಳೆ. ಕಾಕು ಹಾಕಿದ ಷರತ್ತು ಒಂದೇ.

"ಮೀನಾ ಹಿತ್ತಲದಾಗ ಮಾಡ್ಕೋರಿ. ವಾಸನಿ ನನ್ನ ತನಕ ಬರಬಾರದು. ಭಾಳ ರುಚಿ ಆಗೇತಿ ಅಂತ ನನ್ನ ಮುಂದ ಹೇಳಲೂಬಾರದು."

ಎರಡು ಭಾಗಕ್ಕೂ ನಡುವೆ ಒಂದೇ ಗೋಡೆ, ನೆಲವೂ ಒಂದೇ, ಉದ್ದಕ್ಕೂ ಹಾಸಿದ ಶಾಬಾದಿ ಕಲ್ಲು. ಗೋಡೆಯ ಆಚೆ ಕಾಕುವಿನ ಅಡುಗೆಮನೆ. ಅಲ್ಲಿ ನೆಲದಲ್ಲಿ ಹೂತ ಕಲ್ಲಿನ ಒರಳಿದೆ, ಇವರು ಅದನ್ನು ಒಳ್ಳು ಎನ್ನುತ್ತಾರೆ. ಮಿಕ್ಸಿ ಇದ್ದರೂ ಕಾಕು ಶೇಂಗಾ ಚಟ್ನಿಯನ್ನು ಕಬ್ಬಿಣದ ಹಾರಿಯಿಂದ ಆ ಒಳ್ಳಿನಲ್ಲಿಯೇ ಕುಟ್ಟಬೇಕು. ಓಣಿಯ ಅರ್ಧ ಮನೆಗಳಿಗೆ ಚಟ್ನಿ ಅವಳದ್ದೇ. ನನ್ನ ಕಾವಲಿನ ಹೊತ್ತಿಗೂ ಅವಳ ಕುಟ್ಟುವ ಹೊತ್ತಿಗೂ ಮೊದಲು ಜಗಳ ಬಿತ್ತು, ಆಮೇಲೆ ರಾಜಿಯಾಯಿತು. ನಾನು ದಪ್ಪ ಮೆತ್ತೆಯ, ಹೊರಗಿನ ಸದ್ದು ಒಳಗೆ ಬಿಡದ ಹೆಡ್‌ಫೋನು ತರಿಸಿಕೊಂಡೆ.

ಊರು ಮೆಲ್ಲಗೆ ಒಗ್ಗುತ್ತ ಬಂತು. ನಮ್ಮ ಗಂಜಿ, ಮೀನುಸಾರಿನ ಹೊಟ್ಟೆಗೆ ಜೋಳದ ರೊಟ್ಟಿ ಮೊದಮೊದಲು ಕಲ್ಲಿನಂತೆ ಕೂರುತ್ತಿತ್ತು. ಈಗ ಅದಿಲ್ಲದೆ ಊಟ ಮಾಡಿದಂತೆ ಅನಿಸುವುದಿಲ್ಲ. ಮಾರ್ಕೆಟ್ಟಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂಗಡೆ ಕಂಡರೆ ನಿಂತುಬಿಡುತ್ತೇನೆ, ನಮ್ಮ ಕಡೆಯಿಂದಲೇ ಬಂದಿರಬಹುದೆಂದು. ಅವುಗಳ ಕಣ್ಣು ನೋಡಿ ಬೇಡವೆನಿಸಿ ಮುಂದೆ ಹೋಗುತ್ತೇನೆ. ಭಾಷೆಯಲ್ಲಿ ನಾನು ಮೊದಲು ಕಲಿತದ್ದು ಐತಿ. ನಮ್ಮ ಕೊಂಕಣಿಯ ಆಸಾ, ಪುಸ್ತಕದ ಇದೆ, ಇಲ್ಲಿ ಐತಿ. ಹಾಲು ಐತೇನ್ರಿ, ಕರೆಂಟು ಐತೇನ್ರಿ, ಬಸ್ ಐತೇನ್ರಿ. ಇಷ್ಟಿದ್ದರೆ ಈ ಊರಿನಲ್ಲಿ ಒಂದು ದಿನ ಕಳೆಯಬಹುದು.

ಮಗಳ ಹೆಸರು ಚಾರು. ಶಾಂತ ಕೂಸು ಎಂದು ಎಲ್ಲರೂ ಹೊಗಳುತ್ತಿದ್ದರು. ಓಣಿಯಲ್ಲಿ ಗಣಪತಿಯ ಮೆರವಣಿಗೆ ಡೋಲು ಬಡಿದುಕೊಂಡು ಹೋದಾಗ ಉಳಿದ ಮಕ್ಕಳು ಬೆಚ್ಚಿ ಅಳುತ್ತಿದ್ದವು. ಇವಳು ಡೋಲಿನವನ ಕೈಯನ್ನೇ ನೋಡುತ್ತ ನಗುತ್ತಿದ್ದಳು. ಧೈರ್ಯದ ಹುಡುಗಿ ಎಂದು ವಿನಾಯಕನಿಗೆ ಹೆಮ್ಮೆ. ನನಗೆ ಒಳಗೆ ಎಲ್ಲೋ ಒಂದು ಚುಚ್ಚು ಶುರುವಾಗಿದ್ದೇ ಆಗ. ವರ್ಷ ತುಂಬಿದರೂ ಅಮ್ಮಾ ಎನ್ನಲಿಲ್ಲ. ಗದ್ದಲ ಮಾಡುತ್ತಿದ್ದಳು, ಮಾತಿನ ಆಕಾರವಿರಲಿಲ್ಲ. ಕೆಲವು ಮಕ್ಕಳು ತಡ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿಕೊಂಡೆ. ಹೆದರಿದವರು ಎಷ್ಟು ಬೇಗ ಇನ್ನೊಬ್ಬರ ಸಮಾಧಾನವನ್ನು ಬಾಚಿಕೊಳ್ಳುತ್ತಾರೆ!

ಒಂದು ದಿನ ತಡೆಯಲಾರದೆ ಕಾಕುವಿನ ಮುಂದೆ ಬಾಯಿಬಿಟ್ಟೆ. ಇದಕ್ಕೆ ಇಲ್ಲಿ ಹಿರಿಯರು ಮಾಡುವ ಪರೀಕ್ಷೆ ಇದೆಯಂತೆ. ಕೂಸನ್ನು ನೆಲದ ಮೇಲೆ ಬೆನ್ನು ಮಾಡಿ ಕೂರಿಸಿ, ಹಿಂದೆ ಒಳ್ಳಿನಲ್ಲಿ ಬರಿ ಹಾರಿಯನ್ನು ಕುಟ್ಟುವುದು. ಕಾಕು ಕುಟ್ಟಿದಳು. ಚಾರು ಥಟ್ಟನೆ ತಿರುಗಿದಳು. ಮತ್ತೆ ಕುಟ್ಟಿದಾಗ ಮತ್ತೆ ತಿರುಗಿ ನಕ್ಕಳು.

"ಕೇಳತೈತಿ ನೋಡು," ಎಂದಳು ಕಾಕು. "ಎಷ್ಟ ಚಂದ ಹೊಳ್ಳತೈತಿ ಕೂಸು. ಸುಮ್ಮ ಎದಿ ಒಡಕೋಬ್ಯಾಡ ಶ್ಯಾಮಲಾ."

ಆ ದಿನ ನಾನು ಅತ್ತುಬಿಟ್ಟೆ, ಸಂತೋಷಕ್ಕೆ. ಕಾಕು ಈ ಊರಿನ ಸಿಹಿತಿಂಡಿ ಕುಂದಾ ತರಿಸಿ ಇಬ್ಬರ ಬಾಯಿಗೂ ಹಾಕಿದಳು. ಅಲ್ಲಿಂದ ಮುಂದೆ ಹೆದರಿಕೆ ತಲೆ ಎತ್ತಿದಾಗಲೆಲ್ಲ ಕಾಕು ಚಟ್ನಿ ಕುಟ್ಟುವುದನ್ನು ಕಾಯುತ್ತಿದ್ದೆ. ಚಾರು ಪ್ರತಿ ಸಲವೂ ತಿರುಗುತ್ತಿದ್ದಳು. ಬಾಗಿಲು ಬಡಿದಾಗ ತಿರುಗದಿದ್ದರೆ ಆಟದಲ್ಲಿದ್ದಾಳೆ, ಹೆಸರು ಕರೆದಾಗ ತಿರುಗದಿದ್ದರೆ ಹಟ, ಎಂದು ನಾನೇ ಕಾರಣ ಹುಡುಕಿ ಕೊಡುತ್ತಿದ್ದೆ.

ಚಳಿಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಕಾವಲಿಗೆ ಕೂತಿದ್ದೆ. ಚಾರು ನನ್ನ ಹಿಂದೆ ನೆಲದ ಮೇಲೆ ಡಬ್ಬಿಗಳ ಜೊತೆ ಆಡುತ್ತಿದ್ದಳು. ಹಡಗಿನವರು ಕಂಬ ಹೊಡೆಯಲು ತಯಾರಾಗಿ ನನ್ನ ಮಾತಿಗೆ ಕಾಯುತ್ತಿದ್ದರು. ಕಿವಿಯ ತುಂಬ ದೂರದ ಸಮುದ್ರದ ಸದ್ದು, ಹೊರಗಿನದ್ದು ಒಂದೂ ಕೇಳುತ್ತಿರಲಿಲ್ಲ. ಆದರೂ ನನಗೆ ಇದ್ದಕ್ಕಿದ್ದಂತೆ ಕಾಕು ಚಟ್ನಿ ಕುಟ್ಟಲು ಶುರು ಮಾಡಿದ್ದು ತಿಳಿಯಿತು.

ತಿಳಿದದ್ದು ಹೇಗೆ? ಕಿವಿ ಮುಚ್ಚಿತ್ತು. ನೋಡಿದರೆ ನನ್ನ ಬರಿಗಾಲು ಶಾಬಾದಿ ಕಲ್ಲಿನ ಮೇಲಿತ್ತು. ಹಾರಿಯ ಒಂದೊಂದು ಪೆಟ್ಟೂ ಕಲ್ಲಿನಲ್ಲಿ ಹಾದು ಅಂಗಾಲಿಗೆ ಬಂದು ಮುಟ್ಟುತ್ತಿತ್ತು. ಮೆಲ್ಲಗೆ ಹಿಂದೆ ತಿರುಗಿದೆ. ಚಾರು ಆಟ ಬಿಟ್ಟು ಗೋಡೆಯ ಕಡೆ ನೋಡುತ್ತಿದ್ದಳು, ನಗುತ್ತ. ಅವಳ ಎರಡೂ ಅಂಗೈ ನೆಲದ ಮೇಲಿದ್ದವು.

ಕೇಳಿಸಿದ್ದು ಅದೇನಾ, ಬೇರೆ ಏನಾದರೂ ಹಾಗೆ ತೋರಿತೋ? ಊರಿಗೆಲ್ಲ ಹೇಳಿಕೊಟ್ಟ ಪಾಠ ನನ್ನ ಮನೆಯ ನೆಲದ ಮೇಲೆ ನನಗೇ ಹೊಳೆದಿರಲಿಲ್ಲ. ಹಡಗಿಗೆ ಒಂದು ಸಾಲು ಬರೆದೆ: ಶುರು ಮಾಡಬೇಡಿ, ನಾನು ಕೇಳುವ ಸ್ಥಿತಿಯಲ್ಲಿಲ್ಲ, ಇನ್ನೊಬ್ಬರನ್ನು ಕೂರಿಸಿ. ಇಷ್ಟು ವರ್ಷದಲ್ಲಿ ಹಾಗೆ ಎಂದೂ ಬರೆದಿರಲಿಲ್ಲ. ಕಾರಣ ಕೇಳದೆ ಒಬ್ಬ ಸಹೋದ್ಯೋಗಿ ನನ್ನ ಜಾಗಕ್ಕೆ ಕೂತಳು. ಹೆಡ್‌ಫೋನು ಕಿತ್ತಿಟ್ಟೆ.

ಚಾರುವನ್ನು ಎತ್ತಿ ಹತ್ತಿಯ ಗಾದಿಯ ಮಂಚದ ಮೇಲೆ, ಕಾಲು ನೆಲಕ್ಕೆ ತಾಗದಂತೆ ಕೂರಿಸಿದೆ, ಗೋಡೆಗೆ ಬೆನ್ನು ಮಾಡಿ. ಆಚೆ ಕಾಕು ಕುಟ್ಟುತ್ತಲೇ ಇದ್ದಳು. ನನ್ನ ಕಿವಿಗೆ ಈಗ ಅದು ಢಣ್ ಢಣ್ ಎಂದು ರಾಚುತ್ತಿತ್ತು. ಚಾರು ತನ್ನ ಕೈಯ ಡಬ್ಬಿಯ ಮುಚ್ಚಳ ನೋಡುತ್ತಿದ್ದಳು. ಹಿಂದೆ ನಿಂತು ಹೆಸರು ಕರೆದೆ. ಜೋರಾಗಿ ಕರೆದೆ. ಕೊನೆಗೆ ಕಿರುಚಿದೆ. ಗೋಡೆಯಾಚೆ ಹಾರಿಯ ಸದ್ದು ನಿಂತುಹೋಯಿತು. ನನ್ನ ಮಗಳು ಮುಚ್ಚಳವನ್ನು ಡಬ್ಬಿಗೆ ಹಾಕಿ, ತೆಗೆದು, ಮತ್ತೆ ಹಾಕಿದಳು.

ಕಾಕು ಚಟ್ನಿಯ ಕೈಯಲ್ಲೇ ಓಡಿ ಬಂದಳು. ನಾನು ಮಂಚ ತೋರಿಸಿದೆ, ನೆಲ ತೋರಿಸಿದೆ. ಅವಳು ಬಗ್ಗಿ ಶಾಬಾದಿ ಕಲ್ಲಿನ ಮೇಲೆ ಅಂಗೈ ಇಟ್ಟಳು.

"ನಾ ಕುಟ್ಟಿ ಕುಟ್ಟಿ ನಿನಗ ಸುಳ್ಳ ಹೇಳಿದ್ನೇನವಾ?"

ಇಲ್ಲ ಕಾಕು ಎಂದೆ, ನಂಬಬೇಕೆಂದು ಕಾದು ಕೂತವಳು ನಾನು. ಅವಳಿಗೆ ಅದು ಸಮಾಧಾನವಾಗಲಿಲ್ಲ. ಆ ವಾರವಿಡೀ ಗೋಡೆಯಾಚೆ ಹಾರಿಯ ಸದ್ದಿಲ್ಲ, ಓಣಿಗೆ ಚಟ್ನಿಯಿಲ್ಲ.

ಆಸ್ಪತ್ರೆಯ ದಿನ ಗೊತ್ತಾಗುವವರೆಗೆ ನಾನು ಬದುಕಿದ್ದು ಹೇಗೋ ನನಗೇ ಗೊತ್ತಿಲ್ಲ. ತಲೆಯಲ್ಲಿ ಒಂದೇ ಸಮನೆ ತಿರುಗಣಿ. ಗರ್ಭಿಣಿ ಎಂದು ತಿಳಿಯುವ ಮೊದಲು ಹಡಗಿನಲ್ಲಿದ್ದೆನಲ್ಲ, ಆ ಸದ್ದಿಗೇನಾದರೂ? ಆಯಿ ಫೋನಿನಲ್ಲಿ, ಕಡಲು ಬಿಟ್ಟು ಗುಡ್ಡ ಹತ್ತಿದ್ದಕ್ಕೇ ಹೀಗಾಯಿತು, ಮಗುವನ್ನು ಕರೆದುಕೊಂಡು ಬಾ ಎಂದು ಅತ್ತಳು. ವಿನಾಯಕ ಊಟ ಬಿಟ್ಟ. ಸಂಜೆ ಖಾನಾಪುರದಿಂದ ಬಂದವನು ಬಾಗಿಲಲ್ಲೇ ನಿಂತು ಮೊದಲು ಚಪ್ಪಾಳೆ ತಟ್ಟುತ್ತಿದ್ದ, ಆಮೇಲೆ ಒಳಗೆ ಬರುತ್ತಿದ್ದ. ಅವಳು ತಿರುಗುತ್ತಿರಲಿಲ್ಲ. ಬೇಡ, ತಟ್ಟಬೇಡ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಮರುದಿನ ಮತ್ತೆ ತಟ್ಟುತ್ತಿದ್ದ.

ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಔಷಧಿ ಕುಡಿಸಿ ಮಲಗಿಸಿದರು. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿದರು. ಕಿವಿಗೆ ಟಿಕ್ ಟಿಕ್ ಎಂದು ಸದ್ದು ಕೊಟ್ಟು, ಅದು ಮಿದುಳಿಗೆ ಮುಟ್ಟಿತೋ ಎಂದು ಪರದೆಯ ಮೇಲೆ ಅಲೆಯಾಗಿ ನೋಡುತ್ತಾರೆ. ಪರೀಕ್ಷೆ ಮಾಡುವ ಹುಡುಗಿ ನನಗಿಂತ ಚಿಕ್ಕವಳು. ಪರದೆಯನ್ನು ಸ್ವಲ್ಪ ಆಚೆ ತಿರುಗಿಸಿಟ್ಟಿದ್ದಳು. ಆದರೆ ಪರದೆಯ ಗೆರೆ ಓದುವುದೇ ನನ್ನ ಅನ್ನ. ಕೂತಲ್ಲಿಂದಲೇ ಕಾಣುತ್ತಿತ್ತು. ಮೆತ್ತನೆಯ ಸದ್ದಿಗೆ ಗೆರೆ ಮಟ್ಟಸ. ಮಾತಿನಷ್ಟು ಸದ್ದಿಗೂ ಮಟ್ಟಸ. ಇನ್ನೂ ಜೋರು ಮಾಡಿದರು, ಮಟ್ಟಸ. ಸಮುದ್ರ ನೋಡಿ ಹೆದರದವಳು ಆ ಮಟ್ಟಸ ಗೆರೆ ನೋಡಿ ಕುರ್ಚಿಯ ಕೈ ಹಿಡಿದುಕೊಂಡೆ. ಎಲ್ಲೋ ಕೊನೆಕೊನೆಗೆ, ನನ್ನ ಕಿವಿಯಾದರೆ ಮುಚ್ಚಿಕೊಳ್ಳುತ್ತಿದ್ದೆನೇನೋ ಅಷ್ಟು ಜೋರಿಗೆ, ಒಂದು ಸಣ್ಣ ಅಲೆ ಎದ್ದಿತು. ಎರಡನೇ ಕಿವಿಯಲ್ಲೂ ಹಾಗೆಯೇ.

ಹುಡುಗಿ ತಂತಿ ಬಿಚ್ಚುತ್ತ ನನ್ನ ಮುಖ ನೋಡಿದಳು. ನಾನು ಓದಿಬಿಟ್ಟಿದ್ದೇನೆ ಎಂದು ಅವಳಿಗೆ ತಿಳಿಯಿತು.

"ಪೂರಾ ಕೇಳೂದೇ ಇಲ್ಲ ಅಂತ ಅಲ್ರಿ," ಎಂದಳು. "ಭಾಳ ಕಡಿಮಿ ಐತಿ. ಇದ್ದಷ್ಟನ್ನ ಹಿಡ್ಕೊಂಡ ಮುಂದ ಹೋಗೂಣು. ತಡಾ ಮಾತ್ರ ಮಾಡಬ್ಯಾಡ್ರಿ."

ಕಾರಣ ಡಾಕ್ಟರರಿಗೂ ಗೊತ್ತಿಲ್ಲ. ಹಡಗಿನ ಸದ್ದಿನಿಂದ ಹೀಗಾಯಿತು ಎನ್ನಲು ಆಧಾರ ಕಾಣದು, ಹುಟ್ಟಿನಿಂದಲೇ ಇದ್ದಿರಬೇಕು ಎಂದರು. ಎರಡೂ ಕಿವಿಗೆ ಯಂತ್ರ ಕೂರಿಸಬೇಕು, ಸಾಲದೆ ಹೋದರೆ ಮುಂದೆ ಶಸ್ತ್ರಚಿಕಿತ್ಸೆ, ಮತ್ತು ದಿನವೂ ಕೇಳುವ, ಮಾತಾಡುವ ಪಾಠ. ಪಾಠ ಹೇಳುವ ಟೀಚರು ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಯಾವ ಭಾಷೆ. ಅಪ್ಪ ಅಮ್ಮ ಕೊಂಕಣಿ, ಕಾಕು ಕನ್ನಡ, ಓಣಿ ಕನ್ನಡ ಮರಾಠಿ ಎರಡೂ ಎಂದೆವು. ಸದ್ಯಕ್ಕೆ ಒಂದನ್ನೇ ಗಟ್ಟಿ ಹಿಡಿಯೋಣ, ದಿನದಲ್ಲಿ ಹೆಚ್ಚು ಹೊತ್ತು ಅವಳ ಕಿವಿಗೆ ಯಾವುದು ಬೀಳುತ್ತದೋ ಅದು ಎಂದರು. ನನ್ನ ಕಾವಲಿನ ಹೊತ್ತಿನಲ್ಲಿ ಚಾರು ಇರುವುದು ಕಾಕುವಿನ ಬಳಿ. ಲೆಕ್ಕ ಹಾಕುವುದೇನೂ ಉಳಿದಿರಲಿಲ್ಲ.

ಮನೆಗೆ ಬಂದ ಮೇಲೆ ಆ ಸಂಕಟ ಮೇಲೆದ್ದಿತು. ಒಂದು ವರ್ಷಕ್ಕೂ ಮೇಲೆ ದಿನಾ ನಾನು ಅವಳಿಗೆ ಆಯಿಯ ಜೋಗುಳ ಹಾಡಿದ್ದೆ. ಒಂದು ಪದವೂ ಅವಳಿಗೆ ಮುಟ್ಟಿರಲಿಲ್ಲ. ಇನ್ನು ಮುಟ್ಟುವ ಕಾಲಕ್ಕೆ ಅದು ನನ್ನ ಭಾಷೆಯಲ್ಲಿರುವುದಿಲ್ಲ. ಮಗಳಿಗೂ ನನಗೂ ನಡುವೆ ಗೋಡೆ ಏಳುತ್ತದೆ ಎಂದು ವಿಪರೀತ ಹೆದರಿದೆ. ಇನ್ನೆರಡು ವರ್ಷದಲ್ಲಿ ವರ್ಗ ಮಾಡಿಸಿಕೊಂಡು ಊರಿಗೆ ಹೋಗುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದೆವು. ಟೀಚರು ಇಲ್ಲಿ, ಆಸ್ಪತ್ರೆ ಇಲ್ಲಿ, ಕಾಕು ಇಲ್ಲಿ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಕಾಕು ಈ ಪಾಠವನ್ನು ವ್ರತದಂತೆ ಹಿಡಿದಳು. ಟೀಚರು ಹೇಳಿಕೊಟ್ಟ ಆಟ ಇಷ್ಟೇ: ಬೆನ್ನ ಹಿಂದೆ ಸದ್ದು ಮಾಡಬೇಕು, ಕೇಳಿಸಿದರೆ ಮಗು ಒಂದು ಉಂಗುರವನ್ನು ಕೋಲಿಗೆ ಹಾಕಬೇಕು. ಕಾಕು ಉಂಗುರದ ಬದಲು ತನ್ನ ಮಗಳ ಹಳೆಯ ಪ್ಲಾಸ್ಟಿಕ್ ಬಳೆ ತಂದಳು, ಕೋಲಿನ ಬದಲು ಲಟ್ಟಣಿಗೆ ನಿಲ್ಲಿಸಿದಳು. ಚಾರುವನ್ನು ಮಂಚದ ಮೇಲೆ ಕಾಲು ಮಡಚಿ ಕೂರಿಸುವಳು. ನೆಲಕ್ಕೆ ಕಾಲು ತಾಗಬಾರದು, ಅದು ಕಾಕು ತಾನೇ ಮಾಡಿದ ಕಾನೂನು. ನಾನು ಮರೆತರೂ ಅವಳು ಮರೆಯಳು. ಹಿಂದೆ ಊಟದ ತಾಟು ಬಡಿದು ಐತಿ ಎನ್ನುವಳು, ಬಳೆ ಹಾಕಿಸುವಳು. ಮತ್ತೆ ತಾಟು, ಮತ್ತೆ ಐತಿ. ಬೇಸಿಗೆ ಹೋಯಿತು, ಮಳೆ ಹೋಯಿತು. ಕಿವಿಯ ಯಂತ್ರವನ್ನು ಕಿತ್ತೆಸೆಯುವ ದಿನಗಳೂ, ತಾಟು ಬಡಿದು ಬಡಿದು ನಾವು ಮೂವರೂ ಅಳುವ ದಿನಗಳೂ ಇದ್ದವು. ಒಂದು ದಿನ ಗೋಡೆಯಾಚೆಯಿಂದ, ಹೆಡ್‌ಫೋನು ತೆಗೆದಿಟ್ಟ ನನ್ನ ಕಿವಿಗೆ, ಮೂಗಿನಲ್ಲಿ ಆಡಿದಂಥ ಒಂದು ದನಿ ಬಂತು. ಐತಿ. ಕಾಕುವಿನದಲ್ಲ.

ದೀಪಾವಳಿಗೆ ಊರಿಗೆ ಬಂದಿದ್ದೆವಲ್ಲ, ನಿಮ್ಮಲ್ಲಿ ಕೆಲವರು ನೋಡಿದಿರಿ. ಚಾರುವಿನ ಕಿವಿಯ ಹಿಂದಿನ ಯಂತ್ರ ಕಂಡು ಕೆಲವರು ಮರುಕಪಟ್ಟಿರಿ, ಕೆಲವರು ಕಂಡೂ ಕಾಣದಂತೆ ನಡೆದಿರಿ. ಎರಡಕ್ಕೂ ನನಗೆ ಬೇಸರವಿಲ್ಲ. ನಿಮಗೆ ತಿಳಿಯದ ಒಂದನ್ನು ಹೇಳಲಿಕ್ಕೇ ಇಷ್ಟು ಬರೆದೆ.

ಹೊರಡುವ ಹಿಂದಿನ ಬೆಳಿಗ್ಗೆ ವಿನಾಯಕ ಅವಳನ್ನು ಎದೆಗೆ ಎತ್ತಿಕೊಂಡು ನಮ್ಮ ಮನೆಯ ಹಿಂದಿನ ಕಟ್ಟೆಯ ಮೇಲೆ ನಿಂತಿದ್ದ. ಅವನು ಕಡಲಿಗೆ ಮುಖ ಮಾಡಿದ್ದ. ಅವಳು ಅವನ ಹೆಗಲ ಮೇಲಿಂದ ಮನೆ ಕಡೆ, ನಮ್ಮ ಕಡೆ ನೋಡುತ್ತಿದ್ದಳು. ನಾನೂ ಆಯಿಯೂ ಎದುರಿಗಿದ್ದೆವು. ಇದ್ದಕ್ಕಿದ್ದಂತೆ ಚಾರು ಬೆರಳನ್ನು ಕಿವಿಯ ಬಳಿ ಎತ್ತಿದಳು.

"ಐತಿ," ಎಂದಳು.

ಸಂತೋಷಪಡಲೂ ಹೆದರಿಕೆ. ಒಮ್ಮೆ ಮೋಸ ಹೋದವಳು. ಕಾಲು ನೋಡಿದೆ, ಗಾಳಿಯಲ್ಲಿ ತೂಗಾಡುತ್ತಿದ್ದವು. ಕಣ್ಣು ನೋಡಿದೆ, ಕಡಲಿಗೆ ಬೆನ್ನು. ಯಂತ್ರಕ್ಕೆ ಗಾಳಿ ಬಡಿದರೂ ಭೋರೆನ್ನುತ್ತದೆ, ಅದಕ್ಕೆ ತೆಂಗಿನ ಗರಿ ನೋಡಿದೆ. ಒಂದೂ ಅಲುಗುತ್ತಿರಲಿಲ್ಲ. ವಿನಾಯಕ ಬಾಯಿ ಬಿಟ್ಟಿರಲಿಲ್ಲ. ಆಗ ಇನ್ನೊಂದು ಅಲೆ ಬಂದು ಒಡೆಯಿತು.

"ಐತಿ."

ಏನು ಹೇಳುತ್ತಾಳೆ ಇವಳು ಎಂದು ಆಯಿ ಕೇಳಿದಳು. ಅವಳಿಗೆ ಆ ಮಾತು ಗೊತ್ತಿಲ್ಲ. ಕಡಲು ಆಸಾ ಎನ್ನುತ್ತಿದ್ದಾಳೆ ಎಂದು ನಾನು ಹೇಳಬೇಕಾಯಿತು, ನನ್ನ ಮಗಳ ಮಾತನ್ನು ನನ್ನ ತಾಯಿಗೆ. ಚಾರು ನನ್ನ ಕಡೆ ಕೈ ಚಾಚಿ ಹಟ ಮಾಡತೊಡಗಿದಳು. ಕೇಳಿಸಿದ ಮೇಲೆ ಬಳೆ ಬೇಕಲ್ಲ! ನನ್ನ ಕೈಯದೊಂದು ಗಾಜಿನ ಬಳೆ ತೆಗೆದುಕೊಟ್ಟೆ. ಲಟ್ಟಣಿಗೆ ಇಲ್ಲ. ಅವಳು ಅತ್ತಿತ್ತ ನೋಡಿದಾಗ ಆಯಿ ಹತ್ತಿರ ಹೋಗಿ ತನ್ನ ಬೆರಳು ನೆಟ್ಟಗೆ ಹಿಡಿದಳು. ಬಳೆ ಬೆರಳಿಗೆ ಬಿತ್ತು. ಮತ್ತೆ ಅಲೆ, ಮತ್ತೆ ಐತಿ, ಮತ್ತೆ ಬಳೆ. ಅಲೆ ನಿಲ್ಲುವುದುಂಟೇ? ನನ್ನ ಕೈ ಬರಿದಾಗುತ್ತ ಬಂದಾಗ, ಒಂದೊಂದಾದರೂ ಉಳಿಸಿಕೋ ಮಾರಾಯ್ತಿ ಎಂದು ಆಯಿ ಗದರಿದಳು. ಅಳುತ್ತಲೇ ಗದರಿದಳು.

ಮರುದಿನ ಹೊರಡುವಾಗ ಬಳೆ ಕೇಳಿದರೆ ಆಯಿ ಕೊಡಲಿಲ್ಲ. ಚಾರು ಮತ್ತೆ ಬಂದಾಗ ಬೇಕಾಗುತ್ತವೆ, ಇಲ್ಲೇ ಇರಲಿ ಎಂದಳು. ಯಾವಾಗ ಬರುತ್ತೀರಿ ಎಂದು ಮಾತ್ರ ಕೇಳಲಿಲ್ಲ.

ಹೆದರಿಕೆ ಹೋಗಿದೆ ಎಂದು ತಿಳಿಯಬೇಡಿ. ಯಂತ್ರ ಎಷ್ಟು ದಿನ ಸಾಕಾಗುತ್ತದೋ, ಈ ಸಮುದ್ರದ ಕೆಲಸ ಮುಗಿದರೆ ಮುಂದಿನದು ಸಿಗುತ್ತದೋ, ಚಾರು ಶಾಲೆಗೆ ಹೋದರೆ ಮಕ್ಕಳು ಏನೆನ್ನುತ್ತಾರೋ. ಕಾವಲಿಗೆ ಕೂತಾಗ ಮೊದಲಿಗಿಂತ ಹೆಚ್ಚು ಹೊತ್ತು ಕೇಳುತ್ತೇನೆ.

ಬಸ್ಸು ಘಟ್ಟ ಹತ್ತಿ ಬೆಳಗಾವಿ ಮುಟ್ಟಿದಾಗ ಕಾಕು ಬಾಗಿಲಲ್ಲೇ ಇದ್ದಳು. ಚಾರುವನ್ನು ಎತ್ತಿಕೊಂಡವಳು ನನ್ನ ಕೈ ನೋಡಿ, ಬಳಿ ಎಲ್ಲೆದಾವ ನಿನ್ನವು ಎಂದು ಗಾಬರಿಯಿಂದ ಕೇಳಿದಳು.

"ಊರಾಗ ಅದಾವ್ರಿ ಕಾಕು," ಎಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು, ನಾನು ಅದನ್ನು ಯಾವ ಊರಿನ ಮಾತಿನಲ್ಲಿ ಹೇಳಿದೆ ಎಂದು.